ಯಾರ ಬಲ, ಅಮ್ಮಾವ್ರೆ?

ಸ್ಟೇರಿಂಗ್ ಚಕ್ರದ ತೀರ ಕೆಳಗೆ, ಅದು ಗಡಿಯಾರವಾಗಿದ್ದರೆ ಆರು ಗಂಟೆ ಇರಬೇಕಾದ ಜಾಗದಲ್ಲಿ, ನಾಲ್ಕು ಬೆರಳಗಲದ ಕೆಂಪು ಬಟ್ಟೆ ಸುತ್ತಿತ್ತು. ಗಂಟು ಕೈಗೆ ಒತ್ತದ ಹಾಗೆ ಒಳಮುಖವಾಗಿತ್ತು. ಬಣ್ಣ ಮಾಸಿ, ಎಣ್ಣೆ ಹಿಡಿದು ನುಣುಪಾಗಿತ್ತು. ಮೊದಲ ದಿನ ಮೋಟಾರಿನಲ್ಲಿ ಕೂತಾಗಲೇ ಅದು ನನ್ನ ಕಣ್ಣಿಗೆ ಬಿತ್ತು. ಆಗ ನನ್ನ ಬಳಿ ಒಂದು ಟಿಪ್ಪಣಿ ಪುಸ್ತಕವಿರುತ್ತಿತ್ತು. ಅದರಲ್ಲಿ 'ಗ್ರಾಮಗಳಲ್ಲಿ ಮೂಢನಂಬಿಕೆ' ಎಂಬ ತಲೆಬರಹದ ಕೆಳಗೆ ಮೊದಲ ಸಾಲಾಗಿ ಹೀಗೆ ಬರೆದುಕೊಂಡೆ: 'ಡ್ರೈವರು ಚಕ್ರಕ್ಕೆ ತಾಯಿತ ಕಟ್ಟಿದ್ದಾರೆ. ಸಮಯ ನೋಡಿ ತಿಳಿಹೇಳಬೇಕು.'

ಆ ಡ್ರೈವರು ತೀರಿಕೊಂಡರೆಂದು ಹೋದ ವಾರ, ಆಗ ನಮ್ಮ ಜೊತೆ ತಿರುಗುತ್ತಿದ್ದ ನರ್ಸಮ್ಮನ ಕಾಗದ ಬಂತು. ನಾಲ್ಕೇ ಸಾಲು. ಕೊನೆಯದು: 'ಪರೀಕ್ಷೆ ಅಮ್ಮಾವ್ರು ಎಲ್ಲಿದ್ದಾರೆ, ಹೆಂಗಿದ್ದಾರೆ ಅಂತ ಈಗ್ಗೆ ತಿಂಗಳ ಹಿಂದೆ ಕೂಡ ಕೇಳಿದ್ದರು.' ಪರೀಕ್ಷೆ ಅಮ್ಮಾವ್ರು ಎಂದರೆ ನಾನು. ಆ ಹೆಸರು ನನಗೆ ಹೇಗೆ ಬಂತೆಂಬುದನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿಲ್ಲ. ಡ್ರೈವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಅವರೇನೂ ಬೇಸರ ಪಡುತ್ತಿರಲಿಲ್ಲ, ಸಂಕೋಚ ನನ್ನದು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಚನ್ನಗಿರಿಯ ಸೋದರಮಾವನ ಮನೆಯಲ್ಲಿದ್ದುಕೊಂಡು, ಅಲ್ಲಿನ ಒಂದು ಸೇವಾಸಂಘದಲ್ಲಿ ಕೆಲಸಕ್ಕೆ ಸೇರಿದ್ದೆ. ಸಂಘಕ್ಕೆ ಹಿಂದಿನ ವರ್ಷವಷ್ಟೇ ಒಂದು ಗಾಲಿಯ ಮನೆ ಬಂದಿತ್ತು. ಕಾಫಿ ತೋಟದ ದೊರೆಯೊಬ್ಬರು ವಿಲಾಯಿತಿಗೆ ಹಿಂದಿರುಗುವಾಗ ತಮ್ಮ ಹಳೆಯ ಮೋಟಾರನ್ನೂ, ಅದರ ಹಿಂದೆ ಕೊಂಡಿ ಹಾಕಿ ಎಳೆಯುವ ಈ ಮನೆಯನ್ನೂ ದಾನ ಕೊಟ್ಟುಹೋಗಿದ್ದರು. ಎರಡು ಗಾಲಿ, ಹಿಂಬದಿಗೆ ಬಾಗಿಲು, ಪರದೆ ಹಾಕಿದ ಎರಡು ಕಿಟಕಿ, ಒಳಗೆ ಮಡಿಸುವ ಮಂಚ. ಊರೂರಿಗೆ ಹೋಗಿ ಅದರೊಳಗೆ ನರ್ಸಮ್ಮ ಬಸುರಿ ಬಾಣಂತಿಯರನ್ನು ನೋಡಬೇಕು, ಹೊರಗೆ ನಿಂತು ನಾನು ಆರೋಗ್ಯದ ಮೇಲೆ ಭಾಷಣ ಮಾಡಬೇಕು. ಚನ್ನಗಿರಿಯಿಂದ ಹೊರಟು ಸಂತೇಬೆನ್ನೂರು, ಹೊನ್ನಾಳಿ, ನ್ಯಾಮತಿ, ಅತ್ತ ಜಗಳೂರಿನವರೆಗೆ ನಮ್ಮ ತಿರುಗಾಟ.

ಮದುವೆಯಾಗದ ಇಪ್ಪತ್ತಮೂರರ ಹುಡುಗಿ ನಾಲ್ಕು ಹೆತ್ತವರಿಗೆ ಕೂಸಿನ ಎಣ್ಣೆನೀರಿನ ಕ್ರಮ ಹೇಳಿಕೊಡುವುದರಲ್ಲಿ ಏನೋ ವಿಚಿತ್ರವಿದೆಯೆಂದು ನನಗೆ ಹೊಳೆದಿರಲೇ ಇಲ್ಲ. ಹೊನ್ನಾಳಿಯಲ್ಲಿ ಒಬ್ಬ ಮುದುಕಿ ಪೂರ್ತಿ ಕೇಳಿಸಿಕೊಂಡು, ಎಲೆಅಡಿಕೆ ಉಗಿದು ಬಂದು, "ನಿನಗೆಷ್ಟು ಮಕ್ಕಳವ್ವಾ?" ಎಂದಳು. ನಾನು ಉತ್ತರ ಹುಡುಕುತ್ತಿರುವಾಗ ಮೋಟಾರಿನ ಮರೆಯಲ್ಲಿದ್ದ ಡ್ರೈವರು ಕೆಮ್ಮಲು ಶುರುಮಾಡಿದರು. ಅಷ್ಟು ಉದ್ದದ ಕೆಮ್ಮನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಅದು ಮುಗಿಯುವ ಹೊತ್ತಿಗೆ ಹೆಂಗಸರೆಲ್ಲ ಅವರಿಗೆ ಕಷಾಯ ಹೇಳುವುದರಲ್ಲಿ ಮುಳುಗಿದ್ದರು. ಅವರಿಗೆ ನಿಜವಾಗಿ ಕೆಮ್ಮಿತ್ತೆಂದೇ ನಾನು ನಂಬಿದ್ದೆ. ದಾರಿಯಲ್ಲಿ ಎದೆಗೂಡಿನ ಕಾಯಿಲೆಯ ಬಗ್ಗೆ ಒಂದು ಕರಪತ್ರವನ್ನೂ ಕೊಟ್ಟೆ.

ಕರಪತ್ರ ಎಂದ ಮೇಲೆ ಇನ್ನೊಂದನ್ನು ಹೇಳಬೇಕು. ಇಂಗ್ಲಿಷಿನವರು ಈ ಗಾಲಿಯ ಮನೆಗೆ ಕ್ಯಾರವಾನ್ ಎನ್ನುತ್ತಾರೆ. ಕನ್ನಡದಲ್ಲಿ ಪರಭಾಷೆಯ ಪದ ನುಸುಳಬಾರದೆಂದು ನನ್ನ ಹಟ. ಸಂಸ್ಕೃತ ಓದಿದ್ದೆನಲ್ಲ, 'ಸಾರ್ಥ' ಎಂದು ಬರೆದು ಅಚ್ಚಿಗೆ ಕಳಿಸಿದೆ. ಅಚ್ಚುಕೂಟದವರು, ಪಾಪ, ಅದು ನನ್ನ ಕೈತಪ್ಪೆಂದು ತಿಳಿದು ತಿದ್ದಿದರು. 'ನಮ್ಮ ಸಂಘದ ಸ್ವಾರ್ಥವು ಬರುವ ಬುಧವಾರ ಹೊನ್ನಾಳಿಗೆ ಆಗಮಿಸಲಿದೆ. ಮಾತೆಯರು ಇದರ ಪೂರ್ಣ ಪ್ರಯೋಜನ ಪಡೆಯಬೇಕು' ಎಂಬ ಕಾಗದ ಊರೆಲ್ಲ ಹಂಚಿಹೋಯಿತು.

ಡ್ರೈವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ನರ್ಸಮ್ಮ ಓದಿ ಹೇಳಿದ್ದಳು. ಅವರು ನನ್ನ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಕೇಳಿದರು: "ಸ್ವಾರ್ಥ ಅಂದ್ರೆ ನಮ್ಮ ಈ ಗಾಡೀನೇನ್ರಿ ಅಮ್ಮಾವ್ರೆ?"

"ಸ್ವಾರ್ಥ ಅಲ್ಲ, ಸಾರ್ಥ. ಹಿಂದಿನ ಕಾಲದಲ್ಲಿ ವ್ಯಾಪಾರಿಗಳು ಸಾಲುಗಟ್ಟಿ ದೇಶಾಂತರ ಹೋಗುತ್ತಿದ್ದರಲ್ಲ, ಅದು."

"ಹಂಗಾದ್ರೆ ಕಾರವಾನ್ ಅನ್ರಿ! ನಮ್ಮ ಉರ್ದುನಾಗೂ ಅದೇ ಐತೆ." ಅವರು ಗಾಡಿಯ ಕಡೆ ಒಮ್ಮೆ ನೋಡಿದರು. "ಆದ್ರೆ ಅದ್ರಾಗೆ ಒಂಟೆ ಸಾಲು ಇರ್ತೈತ್ರಿ. ನಮ್ದರಾಗೆ ನಾನೊಬ್ನೇ ಒಂಟೆ."

ಒಂಟೆಯ ಹೋಲಿಕೆ ಅಷ್ಟೇನೂ ತಪ್ಪಿರಲಿಲ್ಲ. ಎತ್ತರದ ಆಳು, ಉದ್ದ ಕತ್ತು, ನಡೆಯುವಾಗ ತಲೆ ಮುಂದೆ ಮುಂದೆ. ಬಿಸಿಲಿರಲಿ ಮೋಡವಿರಲಿ ಖಾಕಿ ಕೋಟಿನ ಕತ್ತಿನ ಗುಂಡಿಯನ್ನು ಬಿಚ್ಚಿದವರಲ್ಲ. ಅವರ ತಂದೆ ಚನ್ನಗಿರಿಯಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರಂತೆ. ಇವರು ಮೊದಲು ಬಾಡಿಗೆ ಗಾಡಿ ಹೊಡೆದು, ಆಮೇಲೆ ಹದಿನೈದು ವರ್ಷ ಶಿವಮೊಗ್ಗದ ದಾರಿಯಲ್ಲಿ ಬಸ್ಸು ಓಡಿಸಿದವರು. ಐವತ್ತು ದಾಟಿದ ಮೇಲೆ ಬಸ್ಸಿನ ಮಾಲೀಕರು ಕೆಲಸ ಕೊಡದೆ, ಬರೀ ಸಲಾಮಿಗೆ ಸಲಾಮು ಹೇಳಿ ಸುಮ್ಮನಾಗಿದ್ದರು. ಹೀಗಾಗಿ ಸಂಘದ ಕೆಲಸ ಅವರಿಗೆ ಕೊನೆಯ ಚಕ್ರವಾಗಿತ್ತು.

ಹೊರಡುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು ಬರುತ್ತಿದ್ದರು. ಕೊಂಡಿಯ ಹತ್ತಿರ ಬಗ್ಗಿ, ಎರಡು ಬೆರಳಿನಿಂದ ಅಲ್ಲಾಡಿಸಿ, "ಬಾರವ್ವಾ, ಹೋಗಾನ" ಎಂದು ಹಿಂದಿನ ಗಾಡಿಗೆ ಹೇಳುವರು. ಹತ್ತು ಮೈಲಿ ಹೋಗಿ ನಿಲ್ಲಿಸಿ, ಇಳಿದು, ಮತ್ತೆ ಅದೇ. ಊರು ತಲುಪಿದ ಮೇಲೆ ಗಾಲಿಗೆ ಕಲ್ಲು ಕೊಟ್ಟು, ಒಳಗೆ ಮಂಚದ ಮೇಲೆ ಒಂದು ಬಟ್ಟಲು ನೀರಿಟ್ಟು, ನೀರು ಎಲ್ಲ ಕಡೆ ಸಮನಾಗುವವರೆಗೆ ಕಲ್ಲು ಸರಿಸುವರು. ಅಲ್ಲಿಯವರೆಗೆ ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. "ಬಸುರಿ ಹೆಣ್ಣಮಕ್ಕಳು ಮಲಗೋ ಜಾಗ ರೀ. ತಲೆ ಕೆಳಗಾಗಬಾರ್ದು." ಇಷ್ಟಕ್ಕೆಲ್ಲ ದಿನಕ್ಕೆ ಎಷ್ಟು ಹೊತ್ತು ವ್ಯರ್ಥವಾಗುತ್ತದೆಂದು ನಾನು ಗಡಿಯಾರ ನೋಡಿ ಗುರುತು ಹಾಕಿಕೊಂಡಿದ್ದೆ.

ನ್ಯಾಮತಿಯಲ್ಲಿ ಒಂದು ಸಲ ಮುಸಲ್ಮಾನರ ಕೇರಿಯ ಹೆಂಗಸರು ಯಾರೂ ಬರಲಿಲ್ಲ. ಗಾಡಿ ನಿಂತಿದ್ದು ಸಂತೆಯ ದಾರಿಯಲ್ಲಿ. ಅಷ್ಟು ಜನರ ಎದುರು ಅವರು ನಡೆದು ಬರುವುದು ಹೇಗೆ? ನಾನು ಪರದೆಯ ಅನನುಕೂಲಗಳ ಬಗ್ಗೆ ಒಂದು ಭಾಷಣ ಸಿದ್ಧಮಾಡಿಕೊಳ್ಳಲು ಕೂತೆ. ಡ್ರೈವರು ಹೋಗಿ ಮನೆಮನೆಯ ಬಾಗಿಲಲ್ಲಿ ನಿಂತು, ಮುಖ ಗೋಡೆಗೆ ತಿರುಗಿಸಿಕೊಂಡು ಮಾತಾಡಿ ಬಂದರು. ಆಮೇಲೆ ಮೋಟಾರು ಹತ್ತಿ, ಗಾಡಿಯನ್ನು ಹಿಂದುಹಿಂದಕ್ಕೆ ಆ ಓಣಿಯೊಳಗೆ ಬಿಟ್ಟುಕೊಂಡು ಹೋಗಿ, ಅದರ ಬಾಗಿಲು ಓಣಿಯ ಕೊನೆಯ ಮನೆಯ ಬಾಗಿಲಿಗೆ ಎದುರಾಗಿ ನಿಲ್ಲುವ ಹಾಗೆ ನಿಲ್ಲಿಸಿದರು. ನಡುವೆ ಮೂರು ಹೆಜ್ಜೆ. ಎರಡು ಕಡೆ ಒಂದೊಂದು ಚಾದರ ಹಿಡಿದರೆ ಮುಗಿಯಿತು. ಆ ದಿನ ಹತ್ತೊಂಬತ್ತು ಹೆಂಗಸರನ್ನು ನೋಡಿದೆನೆಂದು ನರ್ಸಮ್ಮ ವರ್ಷಗಟ್ಟಲೆ ಹೇಳಿಕೊಳ್ಳುತ್ತಿದ್ದಳು. ಆ ಇಕ್ಕಟ್ಟಿನ ಓಣಿಯಲ್ಲಿ ಕೊಂಡಿಯಲ್ಲಿ ಎರಡಾಗಿ ಮಡಚುವ ಗಾಡಿಯನ್ನು ಹಿಂದಕ್ಕೆ ಹೇಗೆ ಬಿಟ್ಟರೆಂಬುದನ್ನು ನಾನು ನೋಡಿದ್ದೆನೇ? ಇಲ್ಲ. ಕಟ್ಟೆಯ ಮೇಲೆ ಕೂತು ಭಾಷಣದ ಟಿಪ್ಪಣಿ ಬರೆಯುತ್ತಿದ್ದೆ.

ಆ ವರ್ಷದ ಚಳಿಗಾಲದಲ್ಲಿ ಬೇರೆ ಯಾವುದೋ ಸೀಮೆಯಲ್ಲಿ ಇಂಥದ್ದೇ ಗಾಡಿಯೊಂದು ಇಳಿಜಾರಿನಲ್ಲಿ ಮೋಟಾರಿನಿಂದ ಬಿಡಿಸಿಕೊಂಡು ಹುಲ್ಲಿನ ಬಣವೆಗೆ ನುಗ್ಗಿತೆಂದು ಸುದ್ದಿ ಬಂತು. ಯಾರಿಗೂ ಏನೂ ಆಗಲಿಲ್ಲ. ಆದರೆ ನಮ್ಮ ಸಂಘದ ಅಧ್ಯಕ್ಷರು, ನಿವೃತ್ತ ಅಮಲ್ದಾರರು, ಚಿಂತೆಗೆ ಬಿದ್ದರು. ಮೋಟಾರು ಓಡಿಸುವ ಲೈಸೆನ್ಸು ಇದ್ದವನೆಲ್ಲ ಹಿಂದೊಂದು ಮನೆ ಕಟ್ಟಿಕೊಂಡು ಹೋಗಬಹುದೇ? ಅದಕ್ಕೆ ಬೇರೆ ಶಿಕ್ಷಣ ಬೇಡವೇ?

"ನೀವು ಓದಿದವರು. ನಮ್ಮ ಡ್ರೈವರನ್ನ ಒಂದು ಪರೀಕ್ಷೆ ಮಾಡಿ ವರದಿ ಕೊಡಿ" ಎಂದರು. "ಬೆಂಗಳೂರಿನಲ್ಲಿ ಯಂತ್ರಗಳ ಶಿಕ್ಷಣ ಪಡೆದು ಸರ್ಟಿಫಿಕೇಟು ತಂದ ಒಬ್ಬ ಇದ್ದಾನೆ. ಇವನಿಂದ ಆಗಲ್ಲ ಅಂದರೆ ಅವನನ್ನ ತಗೊಳ್ಳೋಣ. ಮಂಗಳವಾರ ಸಮಿತಿ ಸೇರುತ್ತೆ."

ಇಂಥ ಕೆಲಸಕ್ಕಾಗಿಯೇ ನಾನು ಹುಟ್ಟಿದ್ದೆ. ಗಾಡಿಯ ಜೊತೆ ದೊರೆ ಬಿಟ್ಟುಹೋಗಿದ್ದ ಇಂಗ್ಲಿಷ್ ಕೈಪಿಡಿಯನ್ನು ಎರಡು ದಿನ ಕೂತು ಓದಿದೆ. ಗಾಡಿಯನ್ನು ಹಿಂದಕ್ಕೆ ಬಿಡುವ ಅಧ್ಯಾಯ ನನಗೆ ತುಂಬ ಹಿಡಿಸಿತು. ಕೊಂಡಿಯಲ್ಲಿ ಮಡಚುವ ಗಾಡಿ ಎಲ್ಲವನ್ನೂ ಉಲ್ಟಾ ಮಾಡುತ್ತದೆ: ಹಿಂದಿನ ಗಾಡಿ ಎಡಕ್ಕೆ ಹೋಗಬೇಕಾದರೆ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ಎಂಥ ಸುಂದರ ನಿಯಮ! ಕಡ್ಡಿಪೆಟ್ಟಿಗೆ ಎರಡನ್ನು ದಾರದಲ್ಲಿ ಕಟ್ಟಿ ಮೇಜಿನ ಮೇಲೆ ಪರೀಕ್ಷಿಸಿಯೂ ನೋಡಿದೆ. ಹತ್ತು ಪ್ರಶ್ನೆಗಳ ಪತ್ರಿಕೆ ಬರೆದೆ.

ಶನಿವಾರ ಸಂಘದ ಜಗಲಿಯಲ್ಲಿ ಪರೀಕ್ಷೆ. ಅವರು ಚಪ್ಪಲಿ ಬಿಟ್ಟು ಬಂದು ಚಾಪೆಯ ಮೇಲೆ ಕೂತರು. ನಾನು ಕೇಳಬೇಕು, ಅವರ ಉತ್ತರವನ್ನು ನಾನೇ ಬರೆದುಕೊಳ್ಳಬೇಕು.

"ಹಿಂದಕ್ಕೆ ಬಿಡುವಾಗ ಹಿಂದಿನ ಗಾಡಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಎತ್ತ ತಿರುಗಿಸಬೇಕು?"

"ಎಡಕ್ಕೆ ಹೋಗಬೇಕಂದ್ರೆ ಎಡಕ್ಕೇ ರೀ."

"ಯೋಚಿಸಿ ಹೇಳಿ, ಸಾಹೇಬರೆ."

"ಇದ್ರಾಗೆ ಯೋಚ್ನೆ ಮಾಡಾಕೆ ಏನೈತ್ರಿ? ಎಡಕ್ಕೆ."

ಸೊನ್ನೆ ಹಾಕಿದೆ. ಸೊನ್ನೆ ಹಾಕುವಾಗ ಬೇಸರವಾಯಿತೆಂದು ಹೇಳಿಕೊಳ್ಳಬಹುದಿತ್ತು, ಆದರೆ ಆಗಲಿಲ್ಲ. ಬಲೆಗೆ ಮೀನು ಬಿದ್ದ ಹಾಗಾಗಿತ್ತು.

"ಒಳಗಿನ ಭಾರವನ್ನು ಹೇಗೆ ಹಂಚಬೇಕು?"

"ನರ್ಸಮ್ಮನ ಕಬ್ಬಿಣದ ಪೆಟ್ಟಿಗೆ ಮುಂದೆ ಇಡಬೇಕ್ರಿ."

ಕೈಪಿಡಿಯಲ್ಲಿ ನರ್ಸಮ್ಮನ ಪೆಟ್ಟಿಗೆಯ ಪ್ರಸ್ತಾಪವಿರಲಿಲ್ಲ. ಸೊನ್ನೆ.

"ವೇಗದಲ್ಲಿ ಹೋಗುವಾಗ ಹಿಂದಿನ ಗಾಡಿ ತೂಗಾಡಲು ಶುರುವಾದರೆ ಏನು ಮಾಡಬೇಕು?"

"ಏನೂ ಮಾಡಬಾರ್ದು ರೀ. ಕಾಲು ಎತ್ತಿ ಸುಮ್ನೆ ಕೂರಬೇಕು. ತಾನೇ ಸಮಾಧಾನ ಆಗ್ತಾಳೆ. ಬ್ರೇಕು ಒತ್ತಿದ್ರೆ ಸಿಟ್ಟಿಗೇಳ್ತಾಳೆ."

ನಾನು ಬರೆದುಕೊಂಡದ್ದು: 'ಏನೂ ಮಾಡಬಾರದು ಎನ್ನುತ್ತಾರೆ.' ಸೊನ್ನೆ.

ವರದಿಯನ್ನು ಇಂಗ್ಲಿಷಿನಲ್ಲಿ ಬರೆದೆ. ಹಿಂದೊಂದು ಗಾಡಿ ಎಳೆಯುವ ಡ್ರೈವರುಗಳಿಗೆ ವಿಶೇಷ ಶಿಕ್ಷಣ ಅತ್ಯಗತ್ಯ. ಈಗಿರುವ ಡ್ರೈವರು ಕೆಲಸವನ್ನು ರೂಢಿಯಿಂದ ಮಾಡುತ್ತಾರೆ, ಹಿಂದಕ್ಕೆ ಬಿಡುವ ಪ್ರಥಮ ತತ್ವವೇ ಅವರಿಗೆ ತಿಳಿಯದು. ಈ ಕೊನೆಯ ವಾಕ್ಯವನ್ನು ಮೂರು ಸಲ ತಿದ್ದಿ ನಯಮಾಡಿ ಅಂದೇ ಅಧ್ಯಕ್ಷರ ಮನೆಗೆ ತಲುಪಿಸಿದೆ.

ಸೋಮವಾರ ಜಗಳೂರಿನ ಕಡೆ ಹೊರಟೆವು. ಬಿಳಿಚೋಡಿನ ಆಚೆ ಒಂದು ಹಳ್ಳಿಯಲ್ಲಿ ನಮ್ಮ ಕಾರ್ಯಕ್ರಮ. ಸುದ್ದಿ ಅದಾಗಲೇ ಸಂಘದಲ್ಲೆಲ್ಲ ಹರಡಿತ್ತು. ಹಿಂದಿನ ಸೀಟಿನಿಂದ ನರ್ಸಮ್ಮ ಕೇಳಿಯೇಬಿಟ್ಟಳು: "ಹೊಸ ಡ್ರೈವರು ಬರ್ತಾನಂತಲ್ಲ, ಭಾಯಿ?"

"ಬರ್ಲಿ ಬಿಡ್ರಿ. ಸಂತೇಬೆನ್ನೂರಿನಾಗೆ ನಮ್ಮ ಷಡ್ಡಕನ ಹೊಲಿಗೆ ಅಂಗಡಿ ಐತೆ. ಗುಂಡಿ ಹಚ್ಚಾಕೆ ಬರ್ತೀನಿ ಅಂತ ಹೇಳಿ ಬಂದೀನಿ."

"ನೀವು ಗುಂಡಿ ಹಚ್ತೀರಾ?"

"ಕೈ ಇನ್ನಾ ನಡುಗಲ್ಲ ನರ್ಸಮ್ಮ. ಸೂಜೀಗೆ ದಾರ ಯಾರಾದ್ರೂ ಪೋಣಿಸಿಕೊಟ್ರೆ ಸಾಕು."

ಇಬ್ಬರೂ ನಕ್ಕರು. ಮುಂದಿನ ಸೀಟಿನಲ್ಲಿ ನಾನು ದಾರಿ ನೋಡುತ್ತಾ ಕೂತಿದ್ದೆ. ಪ್ರಗತಿಗೆ ಇಂಥ ಬೆಲೆ ತೆರಬೇಕಾಗುತ್ತದೆ ಎಂಬ ಅರ್ಥದ ಏನನ್ನೋ ಯೋಚಿಸುತ್ತಿದ್ದೆನೆಂದು ಕಾಣುತ್ತದೆ. ಸೂಜಿಯ ಮಾತು ಮಾತ್ರ ಆಮೇಲೆ ತುಂಬ ದೂರ ನನ್ನ ಜೊತೆಗೇ ಬಂತು.

ಆ ಹಳ್ಳಿಗೆ ಹೋಗಬೇಕಾದರೆ ಒಂದು ಕೆರೆ ಏರಿಯ ಮೇಲೆ ಹಾದು ಹೋಗಬೇಕು. ಬಲಗಡೆ ಕೆರೆ, ಎಡಗಡೆ ತಗ್ಗಿನಲ್ಲಿ ಗದ್ದೆ. ಏರಿಯ ಅಗಲ ಒಂದು ಗಾಡಿ, ಅದರ ಪಕ್ಕ ಒಬ್ಬ ಆಳು ಹೋಗುವಷ್ಟು. ನಾವು ಕಾಲುಭಾಗ ಹೋಗಿದ್ದೆವು, ಎದುರಿಗೆ ಜೋಳದ ಸೊಪ್ಪೆ ಹೇರಿದ ಮೂರು ಎತ್ತಿನ ಗಾಡಿಗಳು ಬಂದು ನಿಂತವು. ಹೇರಿದ ಗಾಡಿಯನ್ನು ಎತ್ತುಗಳು ಹಿಂದಕ್ಕೆ ತಳ್ಳಲಾರವು. ನಾವೇ ಹಿಂದಕ್ಕೆ ಹೋಗಬೇಕು.

"ನೀವು ಕೂತ್ಕೊಳ್ರಿ" ಎಂದರು ಡ್ರೈವರು.

ನಾನು ಕೂರಲಿಲ್ಲ. ಪ್ರಥಮ ತತ್ವ ಅರಿಯದವರ ಕೈಯಲ್ಲಿ ಸಂಘದ ಆಸ್ತಿಯನ್ನು ಬಿಟ್ಟು ಸುಮ್ಮನೆ ಕೂರುವುದು ಹೇಗೆ? ಇಳಿದು ಹಿಂದಕ್ಕೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಲಿಯ ಮನೆಯ ಹಿಂದೆ ನಿಂತೆ. ಅದರ ಮರೆಯಲ್ಲಿ ನಾನು ಅವರಿಗೆ ಕಾಣುತ್ತಿರಲಿಲ್ಲ, ಬರೀ ನನ್ನ ಕೂಗು ಕೇಳಬೇಕು. ಗಾಡಿ ಮೆಲ್ಲನೆ ಹಿಂದೆ ಸರಿಯತೊಡಗಿತು. ನಾಲ್ಕು ಮಾರು ಬಂದ ಮೇಲೆ ಸ್ವಲ್ಪ ಕೆರೆಯ ಕಡೆ ವಾಲಿದ ಹಾಗೆ ನನಗೆ ಕಂಡಿತು. ಅಂದರೆ ಎಡಕ್ಕೆ ತರಬೇಕು. ಎಡಕ್ಕೆ ತರಬೇಕೆಂದರೆ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ಇದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು.

"ಬಲಕ್ಕೆ!" ಎಂದು ಕೂಗಿದೆ.

ಗಾಡಿ ಇನ್ನಷ್ಟು ಕೆರೆಯ ಕಡೆ ಬಂತು.

"ಬಲಕ್ಕೆ! ಇನ್ನೂ ಬಲಕ್ಕೆ!"

ಗಾಡಿ ನಾನು ಹೇಳಿದ ಹಾಗೆಯೇ ಇನ್ನೂ ಬಲಕ್ಕೆ ಬಂತು. ಗಾಲಿಯ ಕೆಳಗಿಂದ ಒಂದು ಹಿಡಿ ಮಣ್ಣು ಸಡಿಲವಾಗಿ ಉರುಳಿ ನೀರಿಗೆ ಬಿತ್ತು. ನಾನು ಕಿರುಚಿದೆ, ಯಾವ ಭಾಷೆಯಲ್ಲೋ ತಿಳಿಯದು. ಗಾಡಿ ನಿಂತಿತು. ಒಂದು ಗೇಣು ಅಂತರವಿತ್ತು.

ಎದುರಿನ ಗಾಡಿಯವರು ಸೊಪ್ಪೆಯ ಮೇಲೆ ಎದ್ದು ನಿಂತು ನೋಡುತ್ತಿದ್ದರು. "ಏ ಸಾಬ್ರೇ, ಆ ಅಮ್ಮನ್ನ ಒಳಗೆ ಕೂರಿಸ್ಕೊಳ್ರಿ! ಕೆರೆ ಮೀನಿಗೆ ಮನೆ ಕಟ್ಟಿ ಕೊಡಾಕೆ ಹೊಂಟಾರೆ!" ಎಂದು ಒಬ್ಬ ಕೂಗಿದ.

ಡ್ರೈವರು ಇಳಿದು ಬಂದರು. ಗಾಲಿಯನ್ನು ನೋಡಿದರು, ಅಂಚನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳುವವರ ಹಾಗೆ ಕೇಳಿದರು.

"ಯಾರ ಬಲ, ಅಮ್ಮಾವ್ರೆ?"

"ಸ್ಟೇರಿಂಗಿನ ಬಲ" ಎಂದೆ. "ಹಿಂದಿನ ಗಾಡಿ ಎಡಕ್ಕೆ ಬರಬೇಕಾದರೆ ಚಕ್ರ ಬಲಕ್ಕೆ ತಿರುಗಿಸಬೇಕಲ್ಲ?"

"ನಾನು ಗಾಡಿ ಬಲಕ್ಕೆ ಬರಬೇಕು ಅಂತೀರಿ ಅಂದ್ಕೊಂಡೆ. ಕೆರೆ ಕಡೆ ಯಾಕೆ ಕರೀತಾರೆ, ಆ ಕಡೆ ಏರಿ ಕುಸಿದೈತೇನೋ, ಓದಿದವರು ಸುಮ್ನೆ ಹೇಳ್ತಾರಾ ಅಂತ ಬಿಟ್ಕೊಂಡು ಬಂದೆ." ನರ್ಸಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಡ್ರೈವರು ಮುಂದುವರಿಸಿದರು: "ಎಡ ಬಲ ಬಿಟ್ಟುಬಿಡ್ರಿ. ಕೆರೆ ಅನ್ರಿ, ಇಲ್ಲಾ ಗದ್ದೆ ಅನ್ರಿ. ಇಲ್ಲಾಂದ್ರೆ ನನ್ನ ಪಕ್ಕ ನಡ್ಕೊಂಡು ಬರ್ರಿ."

ಮೊದಲು ನಾಲ್ಕು ಮಾರು ಮುಂದಕ್ಕೆ ಎಳೆದು ಗಾಡಿಯನ್ನು ನೆಟ್ಟಗೆ ಮಾಡಿಕೊಂಡರು. ಆಮೇಲೆ ಹಿಂದಕ್ಕೆ. ನಾನು ಅವರ ಕಿಟಕಿಯ ಪಕ್ಕದಲ್ಲೇ ನಡೆದೆ. ಆಗ ನೋಡಿದೆ. ಚಕ್ರದ ಮೇಲೆ ಅವರ ಒಂದೇ ಕೈ ಇತ್ತು, ಕೆಳಗೆ, ಕೆಂಪು ಬಟ್ಟೆ ಸುತ್ತಿದ ಜಾಗದಲ್ಲಿ. ಮುಖ ಹಿಂದಕ್ಕೆ ತಿರುಗಿತ್ತು. ಕೈ ಒಂದಿಷ್ಟು ಎಡಕ್ಕೆ ಸರಿದರೆ ಹಿಂದಿನ ಗಾಡಿ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಚಕ್ರದ ಕೆಳಭಾಗ ಎಡಕ್ಕೆ ಹೋದಾಗ ಮೇಲ್ಭಾಗ ಬಲಕ್ಕೆ ಹೋಗುತ್ತದೆ. ಕೈಪಿಡಿ ಬರೆದವನು ಮೇಲ್ಭಾಗವನ್ನು ನೋಡಿ ಬರೆದಿದ್ದ, ಇವರು ಕೆಳಭಾಗವನ್ನು ಹಿಡಿದು ಹೇಳಿದ್ದರು. ಎರಡೂ ಒಂದೇ.

"ಈ ಬಟ್ಟೆ ಯಾಕೆ ಸುತ್ತಿದ್ದೀರಿ?" ನಡೆಯುತ್ತಲೇ ಕೇಳಿದೆ.

"ಕಣ್ಣು ಹಿಂದೆ ಇರ್ತೈತಲ್ರಿ, ಕೈಗೆ ಜಾಗ ಗೊತ್ತಾಗಬೇಕು. ಮೇಲೆ ಹಿಡಿದ್ರೆ ಎಲ್ಲಾ ಉಲ್ಟಾ, ತಲೆ ಕೆಡ್ತೈತೆ. ಕೆಳಗೆ ಹಿಡಿದ್ರೆ ಕೈ ಹೋದ ಕಡೆ ಆಕೆ ಬರ್ತಾಳೆ. ಇದನ್ನ ಕಲಿಯಾಕೆ ನನಗೆ ಒಂದು ಮಳೆಗಾಲ ಹಿಡೀತು. ಅಧ್ಯಕ್ಷರ ಕಾಂಪೌಂಡ್ ಗೋಡೆ ಎರಡು ಸಲ ಬೀಳ್ಸೀನಿ." ಸ್ವಲ್ಪ ತಡೆದು, "ಅವ್ರಿಗೆ ಹೇಳಬ್ಯಾಡ್ರಿ. ಎಮ್ಮೆ ಗುದ್ದಿತು ಅಂತ ಹೇಳೀನಿ" ಎಂದರು.

ಗಾಡಿ ಏರಿಯ ಬುಡಕ್ಕೆ ಬಂದು ಒಂದು ಕಡೆ ಸರಿದು ನಿಂತಿತು. ಸೊಪ್ಪೆಯ ಗಾಡಿಗಳು ಹಾದುಹೋದವು. ಕೊನೆಯ ಗಾಡಿಯವನು ನನಗೆ ಕೈಮುಗಿದ. ಅದು ಮರ್ಯಾದೆಯಲ್ಲ ಎಂದು ತಿಳಿಯಲು ಪದವಿ ಬೇಕಿರಲಿಲ್ಲ.

ಆ ಹಳ್ಳಿಯಲ್ಲಿ ನಾನು ಏನು ಭಾಷಣ ಮಾಡಿದೆನೋ ನೆನಪಿಲ್ಲ. ಸಂಜೆ ಚನ್ನಗಿರಿಗೆ ಹಿಂದಿರುಗುವ ದಾರಿಯಲ್ಲಿ ಬಾಯಿ ಬಿಟ್ಟು ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹತ್ತು ಮೈಲಿಗೊಮ್ಮೆ ಅವರು ಇಳಿದು ಕೊಂಡಿ ನೋಡುವಾಗೆಲ್ಲ, ಹತ್ತಿ ಕೂತ ತಕ್ಷಣ ಹೇಳುತ್ತೇನೆ ಎಂದು ವಾಕ್ಯ ಸಿದ್ಧಮಾಡಿಕೊಳ್ಳುತ್ತಿದ್ದೆ. ಅವರು ಹತ್ತಿ ಕೂತ ಮೇಲೆ ವಾಕ್ಯದಲ್ಲಿ ಏನೋ ವ್ಯಾಕರಣದ ದೋಷ ಕಾಣುತ್ತಿತ್ತು. ಮನೆಯ ಬಾಗಿಲಲ್ಲಿ ಇಳಿಸುವಾಗ ಅವರೇ, "ನಾಳೆ ಸಮಿತಿ ಐತಲ್ರಿ. ಮೋಟಾರು ತೊಳೆದು ಇಟ್ಟಿರ್ತೀನಿ, ಹೊಸಬನ ಕೈಗೆ ಕೊಳೆ ಗಾಡಿ ಕೊಡಬಾರ್ದು" ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ಎಂಟಕ್ಕೇ ಅಧ್ಯಕ್ಷರ ಮನೆಗೆ ಹೋದೆ. ಅವರು ಕಾಫಿ ಕುಡಿಯುತ್ತಿದ್ದರು.

"ಓದಿದೆನಮ್ಮ. ಇಂಗ್ಲಿಷು ಬಹಳ ಚೆನ್ನಾಗಿದೆ" ಎಂದರು.

"ಅದು ತಪ್ಪು. ವಾಪಸ್ಸು ಕೊಡಿ."

"ಎಲ್ಲಿ ತಪ್ಪು? ನನಗೇನೂ ಕಾಣಲಿಲ್ಲ."

"ಇಂಗ್ಲಿಷು ಸರಿಯಾಗಿದೆ. ವಿಷಯ ತಪ್ಪು."

ಅವರು ಲೋಟ ಕೆಳಗಿಟ್ಟರು. "ಆ ಹುಡುಗನಿಗೆ ನಾನು ಮಾತು ಕೊಟ್ಟ ಹಾಗೇ ಆಗಿದೆ. ಏನಿದ್ದರೂ ಹತ್ತು ಗಂಟೆಗೆ ಸಮಿತಿಯ ಮುಂದೆ ನೀವೇ ಹೇಳಿ."

ಏಳು ಜನ ಗಂಡಸರ ಎದುರು ನಾನು ಅದುವರೆಗೆ ಕರಪತ್ರ ಓದಿದ್ದೆನೇ ಹೊರತು ಮಾತಾಡಿರಲಿಲ್ಲ. ಹತ್ತು ಗಂಟೆಗೆ ಗೋಡೆಗೆ ಒರಗಿ ನಿಂತು, ಶನಿವಾರದ ಪ್ರಶ್ನೆಯಿಂದ ಸೋಮವಾರದ ಕೆರೆ ಏರಿಯವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಮೂರು ಸಲ 'ಬಲಕ್ಕೆ' ಎಂದು ಕೂಗಿದ್ದನ್ನು ಹೇಳಿದೆ. ಮೀನಿಗೆ ಮನೆ ಕಟ್ಟುವ ಮಾತನ್ನೂ ಬಿಡಲಿಲ್ಲ. ಎಮ್ಮೆಯ ವಿಷಯ ಮಾತ್ರ ಹೇಳಲಿಲ್ಲ. ಒಬ್ಬರು ನಗು ತಡೆಯಲು ಹೋಗಿ ನಶ್ಯವನ್ನು ಪಂಚೆಯ ಮೇಲೆ ಚೆಲ್ಲಿಕೊಂಡರು. ಆಮೇಲೆ ಯಾರೂ ತಡೆಯಲು ಹೋಗಲಿಲ್ಲ.

ಅಧ್ಯಕ್ಷರು ಮೇಜು ಬಡಿದು, "ಅದೆಲ್ಲ ಇರಲಿ. ವಿಶೇಷ ಶಿಕ್ಷಣ ಬೇಕೋ ಬೇಡವೋ? ಒಂದು ಮಾತಿನಲ್ಲಿ ಹೇಳಿ" ಎಂದರು.

"ಬೇಕು. ಇದು ಮೋಟಾರು ಓಡಿಸುವ ಎಲ್ಲರಿಗೂ ಬರುವ ಕೆಲಸವಲ್ಲ. ಇವರಿಗೆ ಆ ಶಿಕ್ಷಣ ಆಗಿದೆ. ಪರೀಕ್ಷೆ ಮಾಡಿದವಳಿಗೆ ಆಗಿರಲಿಲ್ಲ."

ಇನ್ನು ಮುಂದೆ ಗಾಲಿಯ ಮನೆಗೆ ಯಾರೇ ಡ್ರೈವರಾಗಿ ಬಂದರೂ ಮೂರು ತಿಂಗಳು ಈಗಿನ ಡ್ರೈವರ ಪಕ್ಕದಲ್ಲಿ ಕೂತು ಕಲಿಯಬೇಕು, ಅಲ್ಲಿಯವರೆಗೆ ಈಗಿನವರೇ ಮುಂದುವರಿಯಬೇಕು ಎಂದು ಠರಾವಾಯಿತು. ಸರ್ಟಿಫಿಕೇಟಿನ ಹುಡುಗ ಇನ್ನೊಬ್ಬರ ಪಕ್ಕದಲ್ಲಿ ಕೂರಲು ಒಪ್ಪುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಹೊರಗೆ ಬಂದೆ. ಡ್ರೈವರು ಪಂಚೆ ಎತ್ತಿ ಕಟ್ಟಿ ಮೋಟಾರು ತೊಳೆಯುತ್ತಿದ್ದರು.

"ಏನ್ರಿ ಅಮ್ಮಾವ್ರೆ, ಒಳಗೆ ಬಹಳ ನಗು?"

"ನನ್ನ ವಿಷಯಕ್ಕೆ ನಕ್ಕರು" ಎಂದೆ. ಬಿಸಿಲಿನಲ್ಲಿ ನಿಂತು ಎರಡನೆಯ ಸಲ ಎಲ್ಲವನ್ನೂ ಹೇಳಿದೆ. ಈ ಸಲ ಕಷ್ಟವಾಯಿತು. 'ಪ್ರಥಮ ತತ್ವವೇ ತಿಳಿಯದು' ಎಂಬ ಮಾತಿಗೆ ಬಂದಾಗ ಕನ್ನಡದಲ್ಲಿ ಅದು ಬೈಗುಳದ ಹಾಗೆ ಕೇಳಿಸಿತು. ಅವರು ಬಟ್ಟೆಯನ್ನು ಹಿಂಡಿ, ಒದರಿ, ಮಡ್‌ಗಾರ್ಡಿನ ಮೇಲೆ ಒಣಹಾಕಿದರು.

"ಹತ್ತಕ್ಕೆ ಎಷ್ಟು ಕೊಟ್ಟಿದ್ರಿ ನನಗೆ?"

"ಮೂರು."

"ಅದ್ಯಾವ ಮೂರು ಸರಿ ಇದ್ವು?"

ಸುಳ್ಳು ಹೇಳುವ ಹಾಗಿರಲಿಲ್ಲ. "ನಿಮ್ಮ ಹೆಸರು, ವಯಸ್ಸು, ಲೈಸೆನ್ಸಿನ ನಂಬರು" ಎಂದೆ.

ಅವರು ಆ ಉದ್ದ ಕತ್ತನ್ನು ಹಿಂದಕ್ಕೆ ಚಾಚಿ ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ವಯಸ್ಸು ತಪ್ಪು ಹೇಳಿದ್ದೆ ರೀ, ಎರಡು ವರ್ಷ ಕಮ್ಮಿ" ಎಂದರು.

ನಾನು ಮೋಟಾರಿನ ಫುಟ್‌ಬೋರ್ಡಿನ ಮೇಲೆ ಕೂತೆ. ಚೀಲದಿಂದ ಪ್ರಶ್ನೆಪತ್ರಿಕೆ ತೆಗೆದು, ವಯಸ್ಸಿನ ಮುಂದಿದ್ದ ಅಂಕ ಹೊಡೆದುಹಾಕಿ, ಉಳಿದ ಏಳು ಪ್ರಶ್ನೆಗಳನ್ನು ಮೊದಲಿನಿಂದ ಒಂದೊಂದಾಗಿ ಮತ್ತೆ ಕೇಳಿದೆ. ಅವರು ಹೇಳುತ್ತ ಹೋದರು. ಈ ಸಲ ನಾನು ಅವರು ಹೇಳಿದ್ದನ್ನು ಹೇಳಿದ ಹಾಗೆ, ಪೂರ್ತಿ ಬರೆದುಕೊಂಡೆ.